ಕುತ್ತಿಗೆಯಲ್ಲಿ ಗಂಟೇ ಇಲ್ಲ, ಆದ್ರೂ ಅಲ್ಲೂ ಆಪರೇಷನ್ ಅಂತಾರೆ, ಯಾಕ್ರೀ?

ತೊಗರಿ ಹೊಲ (ಚಿತ್ತಾಪುರ):
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾಗೆ 52 ವರ್ಷ. ಇಪ್ಪತ್ತು ವರ್ಷದಿಂದ ಗುಟ್ಕಾ, ಅದು ಸಿಗದಿದ್ದರೆ ತಂಬಾಕು ಸುಣ್ಣ. ನಾಲಿಗೆ ಅಂಚಿನಲ್ಲಿ ಒಂದು ಹುಣ್ಣಾಗಿ ಮೂರು ತಿಂಗಳಾದರೂ ಮಾಯಲಿಲ್ಲ, ಮೆಡಿಕಲ್ ಅಂಗಡಿಯ ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗುತ್ತಾ ಕುಳಿತಿದ್ದರು. ಕೊನೆಗೆ ನಾನೇ ಬೈದು ಕಲಬುರಗಿಗೆ ಕರೆದುಕೊಂಡು ಹೋದೆ. ತುಣುಕು ತೆಗೆದು ಟೆಸ್ಟ್ ಮಾಡಿದರು, ಕ್ಯಾನ್ಸರ್ ಅಂತ ಬಂತು. ಇನ್ನೂ ಸಣ್ಣದಿದೆ, ಬೇಗ ಬಂದಿದ್ದೀರಿ ಅಂದರು ಡಾಕ್ಟರ್.

ಈಗ ಮನೆಯಲ್ಲಿ ಜಗಳ ಎರಡು ವಿಷಯಕ್ಕೆ. ನಾಲಿಗೆಯ ಹುಣ್ಣು ತೆಗೆಯುವಾಗಲೇ ಕುತ್ತಿಗೆಯೊಳಗಿನ ಗಂಟುಗಳನ್ನೂ (ಲಿಂಫ್ ನೋಡ್ ಅಂತಾರಲ್ಲ, ಎಲ್ಲರಿಗೂ ಇರೋ ಸಣ್ಣ ಗ್ರಂಥಿಗಳು) ತೆಗೆಯಬೇಕು ಅಂತಾರೆ ಡಾಕ್ಟರ್. ಆದರೆ ಕುತ್ತಿಗೆ ಮುಟ್ಟಿದರೆ ಏನೂ ಸಿಗಲ್ಲ, ಸ್ಕ್ಯಾನ್‌ನಲ್ಲೂ ಕ್ಲಿಯರ್! "ಇಲ್ಲದ ರೋಗಕ್ಕೆ ಕತ್ತು ಕೊಯ್ಸಿಕೊಳ್ಳಲ್ಲ, ಇದೆಲ್ಲ ಬಿಲ್ ಬೆಳೆಸೋ ಆಟ" ಅಂತ ಕಾಕಾ ಹಟ ಹಿಡಿದಿದ್ದಾರೆ. ಇನ್ನೊಂದು, ಅತ್ತಿಗೆಯ ತಮ್ಮ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದಾನೆ, ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರಕ್ತದ ಕಣ ತೆಗೆದು ಬದಲಾಯಿಸಿ ವಾಪಸ್ ಹಾಕ್ತಾರಂತೆ, ಕತ್ತರಿ ಮುಟ್ಟಿಸದೆ ಕ್ಯಾನ್ಸರ್ ಹೋಗುತ್ತಂತೆ. ಅದಕ್ಕೆ ಎರಡು ಎಕರೆ ಮಾರೋಣ ಅನ್ನೋ ಮಾತು ನಡೆದಿದೆ. ತಿಳಿದವರು ದಯವಿಟ್ಟು ಹೇಳಿ.

ಪರೇಲ್ ಫುಟ್‌ಪಾತ್:
ಹೊಲ ಮಾರಬೇಡಿ. ಮೊದಲು ಅದು.

ನಮ್ಮ ಅಪ್ಪನಿಗೆ ಇದೇ ನಾಲಿಗೆಯದೇ ಆಗಿತ್ತು, ಟಾಟಾದಲ್ಲೇ ತೋರಿಸಿದೆವು, ನಾನು ಎರಡು ತಿಂಗಳು ಅಲ್ಲೇ ಹೊರಗೆ ಮಲಗಿದ್ದೇನೆ. ನನಗೂ ಕುತ್ತಿಗೆ ವಿಷಯದಲ್ಲಿ ಇದೇ ಅನುಮಾನ ಇತ್ತು. ಅಲ್ಲಿನ ಒಬ್ಬ ಕಿರಿಯ ಡಾಕ್ಟರ್ ಕೂರಿಸಿಕೊಂಡು ಹೇಳಿದರು. ಈ ಪ್ರಶ್ನೆ ಡಾಕ್ಟರುಗಳಿಗೇ ಎಷ್ಟೋ ವರ್ಷ ಇತ್ತಂತೆ, ಮೊದಲೇ ತೆಗೆಯೋದಾ, ಗಂಟು ಊದಿ ಕಾಣಿಸಿಕೊಂಡ ಮೇಲೆ ತೆಗೆಯೋದಾ ಅಂತ. ಅದನ್ನು ಕೊನೆಗೆ ಪರೀಕ್ಷೆ ಮಾಡಿ ತೋರಿಸಿದ್ದು ಟಾಟಾದವರೇ. ನಿಮ್ಮ ಕಾಕಾನಂಥವರನ್ನೇ, ಅಂದರೆ ಬಾಯಲ್ಲಿ ಸಣ್ಣ ಕ್ಯಾನ್ಸರ್ ಇದ್ದು ಕುತ್ತಿಗೆಯಲ್ಲಿ ಏನೂ ಕಾಣದವರನ್ನೇ ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕುತ್ತಿಗೆಯನ್ನೂ ಆಗಲೇ ಮಾಡಿದರು, ಇನ್ನೊಂದಕ್ಕೆ ಕಾದು ನೋಡಿದರು. 500 ಜನರ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ 80 ಜನ ಬದುಕಿದ್ದರು, ಕಾದ ಗುಂಪಿನಲ್ಲಿ 67.5. ಯಾಕಂದರೆ ಕೈಗೆ ಸಿಗದ, ಸ್ಕ್ಯಾನಿಗೂ ಕಾಣದ ರೋಗ ಸುಮಾರು ಹತ್ತರಲ್ಲಿ ಮೂರು ಜನರ ಗಂಟುಗಳಲ್ಲಿ ಆಗಲೇ ಹೋಗಿ ಕುಳಿತಿತ್ತು.

ಇದು ಹೊಸ ಔಷಧಿ ಅಲ್ಲ, ಮಷೀನ್ ಅಲ್ಲ, ಅದಕ್ಕೇ ಯಾರೂ ವಿಡಿಯೋ ಮಾಡಲ್ಲ. ನಮ್ಮ ಅಪ್ಪನಿಗೆ ಒಂದು ಗಂಟಿನಲ್ಲಿ ಸಿಕ್ಕಿತ್ತು ಕಣ್ರೀ. ಕಾದಿದ್ದರೆ ಏನಾಗ್ತಿತ್ತೋ.

ಔಷಧಿ ಡಬ್ಬಿ (ಯಾದಗಿರಿ):
ಆ ವಿಡಿಯೋ ಕಾರ್-ಟಿ ಚಿಕಿತ್ಸೆಯದ್ದು ಇರಬೇಕು. ಸುಳ್ಳೇನಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸೇರಿ ಮಾಡಿದ್ದು, 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಹೊರದೇಶದಲ್ಲಿ ಕೋಟಿಗಟ್ಟಲೆ ಆಗೋದು ಇಲ್ಲಿ ಅದರ ಹತ್ತನೇ ಒಂದು ಭಾಗದಷ್ಟು ಖರ್ಚಿನಲ್ಲಿ ಆಗುತ್ತೆ. ಹೆಮ್ಮೆಪಡೋ ಕೆಲಸವೇ. ಆದರೆ ಅದು ಕೆಲವು ಬಗೆಯ ರಕ್ತ ಕ್ಯಾನ್ಸರ್‌ಗೆ, ಅದೂ ಬೇರೆ ಚಿಕಿತ್ಸೆ ಫಲ ಕೊಡದಿದ್ದಾಗ. ನಾಲಿಗೆಗೆ ಅಲ್ಲ. ನಾಲ್ಕು ಎಕರೆ ಮಾರಿದರೂ ನಿಮ್ಮ ಕಾಕಾಗೆ ಅದನ್ನು ಕೊಡಲ್ಲ.

ಬಾಯಿ ಕ್ಯಾನ್ಸರ್‌ಗೆ ಟಾಟಾದ ಇನ್ನೊಂದು ಕೆಲಸ ನನಗೆ ಜಾಸ್ತಿ ಇಷ್ಟ. ನಿವೋಲುಮಾಬ್ ಅನ್ನೋ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ) ಇಂಜೆಕ್ಷನ್ ಇದೆ, ಸಾಮಾನ್ಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ, ಬೆಲೆ ನಮ್ಮಂಥವರ ಕೈಗೆ ಎಟುಕಲ್ಲ. ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ಕೊಟ್ಟು, ಜೊತೆಗೆ ಅಗ್ಗದ ಗುಳಿಗೆಗಳನ್ನು ಕೊಟ್ಟು ನೋಡಿದರು. ಬರೀ ಗುಳಿಗೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ನೂರಕ್ಕೆ 16, ಈ ಚಿಕ್ಕ ಡೋಸ್ ಸೇರಿದವರಲ್ಲಿ 43. ಆದರೆ ಅದು ರೋಗ ತುಂಬಾ ಮುಂದುವರಿದು, ಪೂರ್ತಿ ವಾಸಿ ಮಾಡೋದು ಆಗಲ್ಲ ಅನ್ನುವವರಿಗೆ. ನಿಮಗೆ ಅದು ಬೇಕಾಗದಿರಲಿ. ಆಪರೇಷನ್ ಆಗುತ್ತೆ ಅಂದಾಗ ಆಪರೇಷನ್ನೇ ಮಾಡಿಸಿ.

ನರ್ಸಕ್ಕ (ಬೀದರ್):
ಮೇಲಿನವರು ಸರಿಯಾಗೇ ಹೇಳಿದ್ದಾರೆ. ನಾನು ಆಮೇಲಿನ ಕಥೆ ಹೇಳ್ತೀನಿ, ಅದನ್ನು ಯಾರೂ ಹೇಳಲ್ಲ.

ಕುತ್ತಿಗೆ ಆಪರೇಷನ್ ಆದ ಕಡೆ ಭುಜ ಬಿಗಿಯುತ್ತೆ. ಕೈ ಮೇಲೆತ್ತಿ ಅಂಗಿ ಹಾಕೋದು ಕಷ್ಟ ಆಗುತ್ತೆ. ವ್ಯಾಯಾಮ ಹೇಳಿಕೊಡ್ತಾರೆ, ನಮ್ಮ ಕಡೆ ಗಂಡಸರು "ಇದೇನು ಸಾಲಿ ಡ್ರಿಲ್ಲಾ" ಅಂತ ಬಿಟ್ಟುಬಿಡ್ತಾರೆ. ಬಿಡಬಾರದು. ಮುಂದೆ ಕರೆಂಟ್ (ರೇಡಿಯೇಷನ್) ಕೊಡಬೇಕು ಅಂದರೆ ಶುರುವಿಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ಹಲ್ಲಿದ್ದರೆ ಮೊದಲೇ ತೆಗೆಸಬೇಕು, ಆಮೇಲೆ ತೆಗೆದರೆ ದವಡೆ ಮೂಳೆ ಮಾಯೋದು ಕಷ್ಟ. ಕರೆಂಟ್ ಅಂದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ನಡುವೆ ಜಾತ್ರೆ ಬಂತು ಅಂತ ತಪ್ಪಿಸಬೇಡಿ. ಬಾಯಿ ಬಿಗಿದು ರೊಟ್ಟಿ ಚೂರೂ ಹೋಗಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದು ಕಡ್ಡಿ ಸೇರಿಸುತ್ತಾ ಬಾಯಿ ತೆರೆಸ್ತೀವಿ. ಐದು ಪೈಸೆಯ ವಿದ್ಯೆ, ಆದರೆ ಅದನ್ನು ಮಾಡಿದವರು ಮುಂದೆ ಮನೆಯವರ ಜೊತೆ ಕುಳಿತು ಊಟ ಮಾಡ್ತಾರೆ.

ಮುಂಬೈಗೇ ಓಡಬೇಕು ಅಂತಿಲ್ಲ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಇದೆ, ಅಲ್ಲಿ ಒಂದು ಸಲ ಕೇಳಿ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್‌ನಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಇಟ್ಟುಕೊಳ್ಳಿ.

ಪರೇಲ್ ಫುಟ್‌ಪಾತ್:
ಎರಡನೇ ಅಭಿಪ್ರಾಯಕ್ಕೆ ಮುಂಬೈಗೆ ಹೋದರೂ ರೈಲಿನಲ್ಲಿ ಹೋಗಿ. ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಂಡರೆ ಪೇಷಂಟಿಗೆ ಸ್ಲೀಪರ್, ತ್ರೀ ಎಸಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರನಿಗೆ ಮುಕ್ಕಾಲು. ನಮಗೆ ಗೊತ್ತಾಗಿದ್ದು ನಾಲ್ಕನೇ ಸಲ ಹೋಗುವಾಗ.

ತೊಗರಿ ಹೊಲ (ಚಿತ್ತಾಪುರ):
ಎಲ್ಲರಿಗೂ ಧನ್ಯವಾದ. 80 ಮತ್ತು 67ರ ಲೆಕ್ಕ ಕಾಕಾಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ನೆ ಕುಳಿತರು. "ಆ ಹದಿಮೂರು ಜನರ ಪೈಕಿ ನಾನಿದ್ದರೆ?" ಅಂದರು. ಬರುವ ವಾರ ಆಪರೇಷನ್, ಕುತ್ತಿಗೆಯೂ ಸೇರಿ. ಹೊಲದ ಮಾತು ನಿಂತಿದೆ. ನರ್ಸಕ್ಕಾ, ಆ ಕಡ್ಡಿ ಬಿಡಿಯಾಗಿ ಸೂಪರ್ ಮಾರ್ಕೆಟ್ ಕಡೆ ಸಿಗ್ತಾವಾ, ಇಲ್ಲ ಐವತ್ತು ಐಸ್‌ಕ್ರೀಂ ನಾನೇ ತಿನ್ನಬೇಕಾ?