ಹೂ ಮೊಮೆಂಟ್ ಬಳಸಿದರೂ ಟ್ಯಾಂಕರ್, ಬಲ್ಕ್ ಕ್ಯಾರಿಯರ್ ಬೇರೆಯಾಗುತ್ತಿಲ್ಲ

ಪ್ರಶ್ನೆ: ಪಕ್ಕದಿಂದ ತೆಗೆದ ಚಿತ್ರಗಳಿಗೆ ಓಟ್ಸು ಥ್ರೆಶೋಲ್ಡ್ (ಚಿತ್ರವನ್ನು ಕಪ್ಪು-ಬಿಳುಪಾಗಿ ತಾನೇ ಭಾಗಿಸುವ ವಿಧಾನ) ಹಾಕಿ ಹಡಗಿನ ಆಕೃತಿ ಬೇರ್ಪಡಿಸಿ, 7 ಹೂ (Hu) ಮೊಮೆಂಟ್‌ಗಳನ್ನು (ಗಾತ್ರ, ತಿರುವು ಬದಲಾದರೂ ಬದಲಾಗದೆ ಆಕೃತಿಯನ್ನು ವರ್ಣಿಸುವ ಸಂಖ್ಯೆಗಳು) ವರ್ಗೀಕರಣಕ್ಕೆ ಕೊಡುತ್ತಿದ್ದೇನೆ. ಟ್ಯಾಂಕರ್ (ದ್ರವ ಸರಕಿನ ಹಡಗು), ಬಲ್ಕ್ ಕ್ಯಾರಿಯರ್ (ಧಾನ್ಯ, ಅದಿರಿನಂಥ ಬಿಡಿ ಸರಕಿನ ಹಡಗು) ಈ ಎರಡು ಬಗೆಗಳು ಒಂದೇ ಗುಂಪಿಗೆ ಬೀಳುತ್ತಿವೆ. ತಪ್ಪೆಲ್ಲಿ?

ಉತ್ತರ 1: ಮೊಮೆಂಟ್‌ಗಳ ಲಾಗ್ (ಲಾಗರಿದಮ್) ತೆಗೆದಿದ್ದೀರಾ? ಮೊದಲನೆಯದರ ನಂತರದ ಮೊಮೆಂಟ್‌ಗಳು ತೀರಾ ಚಿಕ್ಕ ಸಂಖ್ಯೆಗಳು; ಹಾಗೇ ಕೊಟ್ಟರೆ ಮೊದಲನೆಯದೇ ಎಲ್ಲವನ್ನೂ ನುಂಗುತ್ತದೆ. 7ನೆಯದು ಕನ್ನಡಿ ಬಿಂಬಕ್ಕೆ ಚಿಹ್ನೆ ಬದಲಿಸುತ್ತದೆ. ಎಡಕ್ಕೆ ಹೊರಟ ಹಡಗು ಬಲಕ್ಕೆ ತಿರುಗಿದರೆ ಬೇರೆ ಹಡಗಿನಂತೆ ಕಾಣುತ್ತದೆ, ಆದ್ದರಿಂದ ಅದರ ಚಿಹ್ನೆ ಬಿಟ್ಟುಬಿಡಿ.

ಉತ್ತರ 2: ಲಾಗ್ ಸರಿ, ಆದರೆ ರೋಗ ಬೇರೆ. ಎರಡಕ್ಕೂ ಉದ್ದನೆಯ ಒಡಲು, ಹಿಂತುದಿಯಲ್ಲಿ ಎತ್ತರದ ಕಟ್ಟಡ. ವ್ಯತ್ಯಾಸವಿರುವುದು ಡೆಕ್ ಮೇಲೆ: ಟ್ಯಾಂಕರ್‌ನಲ್ಲಿ ನಡುಮಧ್ಯೆ ಹೋಸ್ ಎತ್ತುವ ಕ್ರೇನ್, ಹಲವು ಬಲ್ಕ್ ಕ್ಯಾರಿಯರ್‌ಗಳಲ್ಲಿ ಉದ್ದಕ್ಕೂ ಕ್ರೇನ್‌ಗಳ ಸಾಲು. ಉದ್ದವನ್ನು 40 ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಎತ್ತರವನ್ನು ಒಟ್ಟು ಉದ್ದದಿಂದ ಭಾಗಿಸಿ. ಅಳತೆ ಡೆಕ್‌ನಿಂದಲೇ ಇರಲಿ. ನೀರಿನಿಂದ ಅಳೆದರೆ ಸರಕು ತುಂಬಿದ ಹಡಗು, ಖಾಲಿ ಹಡಗು ಬೇರೆಬೇರೆ ಆಗುತ್ತವೆ.

ಉತ್ತರ 3: ನೊರೆ ಅಳಿಸಲು 5×5 ಓಪನಿಂಗ್ (ಸಣ್ಣ ಚುಕ್ಕೆ, ತೆಳು ಭಾಗಗಳನ್ನು ಅಳಿಸುವ ಕ್ರಿಯೆ) ಮಾಡಿದ್ದರೆ ಕ್ರೇನ್‌ಗಳೂ ಹೋಗಿರುತ್ತವೆ, ನೋಡಿ. ನೀರಿನ ಗೆರೆಯ ಕೆಳಗಷ್ಟೇ ಅದನ್ನು ಬಳಸಿ. ಇನ್ನೊಂದು, ಹಡಗು ಪಕ್ಕದ ನೋಟದಿಂದ 60 ಡಿಗ್ರಿ ತಿರುಗಿದರೆ ಉದ್ದ ಸುಮಾರು ಅರ್ಧವಾಗುತ್ತದೆ. ಅಂಥ ಚಿತ್ರಗಳನ್ನು ಬೇರೆಯಾಗಿಯೇ ಕಲಿಸಬೇಕು.