ಬಿಳಿ ಕೂದಲಿನ ಪುಟ್ಟ ಗುಂಡು ಕಳ್ಳಿ: ಹೆಸರೇನು, ಬೆಳೆಸೋದು ಹೇಗೆ?

ಕಿಟಕಿತೋಟ:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಗೆಳತಿ ಒಂದು ಪುಟ್ಟ ಕಳ್ಳಿ ಗಿಡ ಕೊಟ್ಟಳು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಪೂರ್ತಿ ಗುಂಡಗೆ, ಮೈತುಂಬಾ ರೇಷ್ಮೆ ಎಳೆ ತರ ಬಿಳಿ ಕೂದಲು. ಹತ್ತಿ ಉಂಡೆ ತರ ಇದೆಯಲ್ಲ ಅಂತ ಸವರಿದೆ, ತೋಳಿನ ಬಟ್ಟೆಗೆ ಏನೋ ಸಿಕ್ಕಿಕೊಂಡು ಕುಂಡದ ಸಮೇತ ಎದ್ದು ಬಂತು! ನೆತ್ತಿ ಮೇಲೆ ಒಂದು ಕೆಂಪು ಹೂ ಇದೆ, ಬಂದ ದಿನದಿಂದ ಇವತ್ತಿನವರೆಗೂ ಬಾಡಿಯೇ ಇಲ್ಲ. ಬುಡದಲ್ಲಿ ಎರಡು ಮರಿ. ಲೇಬಲ್‌ನಲ್ಲಿ ಬರೀ ‘ಕ್ಯಾಕ್ಟಸ್’ ಅಂತ ಇದೆ, ಪರಿಚಯದವರೊಬ್ಬರು ‘ಓಲ್ಡ್ ಮ್ಯಾನ್ ಕ್ಯಾಕ್ಟಸ್’ ಅಂದರು. ಹೌದಾ? ವಾರಕ್ಕೆ ಎರಡು ಸಲ ನೀರು ಸ್ಪ್ರೇ ಮಾಡುತ್ತೇನೆ. ಈಚೆಗೆ ಒಂದು ಪಕ್ಕದಲ್ಲಿ ಕೂದಲು ದಟ್ಟವಾಗಿ ಬರುತ್ತಿದೆ, ಅಂದರೆ ಗಿಡ ಖುಷಿಯಾಗಿದೆ ಅಲ್ವಾ?

ಮುಳ್ಳುಕಂಟಿ:
ಓಲ್ಡ್ ಮ್ಯಾನ್ ಅಲ್ಲ. ಅದರ ಮೈಮೇಲೆ ಮೇಲಿಂದ ಕೆಳಕ್ಕೆ ಏಣುಗಳಿರುತ್ತವೆ. ಕಂಬದ ತರ ಬೆಳೆಯುತ್ತದೆ, ಅದರ ಊರಾದ ಮೆಕ್ಸಿಕೋದಲ್ಲಿ 10 ಮೀಟರ್ ದಾಟುತ್ತದೆ. ನಿಮ್ಮದರ ಕೂದಲನ್ನು ಕಡ್ಡಿಯಿಂದ ಸ್ವಲ್ಪ ಸರಿಸಿ ನೋಡಿ. ಏಣು ಇಲ್ಲದೆ ಸಣ್ಣ ಸಣ್ಣ ಗುಬುಟು ಇದ್ದರೆ ಅದು ಮಾಮಿಲೇರಿಯಾ ಅನ್ನೋ ಕಳ್ಳಿ ಗುಂಪಿನದು. ಬಟ್ಟೆಗೆ ಸಿಕ್ಕಿಕೊಂಡಿತು ಅಂದಿರಲ್ಲ, ಅದೇ ದೊಡ್ಡ ಸುಳಿವು: ಮಾಮಿಲೇರಿಯಾ ಬೊಕಾಸಾನಾದಲ್ಲಿ ಪ್ರತಿ ಗುಬುಟಿನ ತುದಿಯಲ್ಲಿ ಮೀನಿನ ಗಾಳದ ಹಾಗೆ ತುದಿ ಬಾಗಿದ ಮುಳ್ಳು ಇರುತ್ತದೆ. ಮೆಕ್ಸಿಕೋದ ಸಾನ್ ಲೂಯಿಸ್ ಪೊಟೊಸಿ ಕಡೆಯದು. ‘ಪೌಡರ್ ಪಫ್’ ಅಂತಲೂ ಕರೆಯುತ್ತಾರೆ. ಹೆಸರು ನಂಬಿ ಮುಟ್ಟಿದವರೆಲ್ಲ ನಿಮ್ಮ ಹಾಗೇ ಸಿಕ್ಕಿಬಿದ್ದವರೇ, ನಾನೂ ಸೇರಿ.

ಇನ್ನು ಆ ಹೂ. ಬೇಜಾರಾಗಬೇಡಿ, ಅದು ಅಂಟಿಸಿದ್ದು. ಒಣಹೂವನ್ನು ಬಿಸಿ ಗೋಂದಿನಿಂದ ಕೂರಿಸಿ ಮಾರುತ್ತಾರೆ. ಇದರ ನಿಜವಾದ ಹೂ ಚಿಕ್ಕದು, ಕೆನೆ ಬಣ್ಣ ಇಲ್ಲಾ ತಿಳಿ ಗುಲಾಬಿ, ಗುಬುಟುಗಳ ಸಂದಿಯಿಂದ ಬಂದು ನೆತ್ತಿ ಸುತ್ತ ಬಳೆ ತರ ಕೂರುತ್ತದೆ. ನಟ್ಟ ನಡುವೆ ಒಂದೇ ಒಂದು ದೊಡ್ಡ ಹೂ ಬರಲ್ಲ. ಕಿತ್ತರೆ ಸಿಪ್ಪೆಯೂ ಬರುತ್ತದೆ, ಹುಷಾರು. ಗೋಂದಿನ ಅಂಚು ಎದ್ದಿದ್ದರೆ ಅಷ್ಟನ್ನೇ ಮೆಲ್ಲಗೆ ಬಿಡಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ, ಬೆಳೆಯುತ್ತಾ ತಾನೇ ಸಡಿಲ ಆಗಬಹುದು.

ಒಣಮಣ್ಣು:
ಕೊಕ್ಕೆ ಇದ್ದರೆ ಬೊಕಾಸಾನಾ, ಸರಿ. ಆದರೆ ಮಾಮಿಲೇರಿಯಾ ಹಾನಿಯಾನಾಗೂ ಇಂಥದ್ದೇ ಉದ್ದ ಬಿಳಿ ಕೂದಲು, ಕೊಕ್ಕೆ ಮಾತ್ರ ಇರಲ್ಲ, ಹೂ ಕಡು ಗುಲಾಬಿ. ಗಾಯವಾದರೆ ಹಾಲು ಸುರಿಯುತ್ತದೆ. ಬೊಕಾಸಾನಾದ್ದು ನೀರು ನೀರು. ಹಾಗಂತ ನೋಡೋಕೆ ಚುಚ್ಚಬೇಡಿ ಮತ್ತೆ!

ನನಗೆ ಚಿಂತೆ ನಿಮ್ಮ ‘ದಟ್ಟ ಕೂದಲಿನದು’. ಒಂದೇ ಪಕ್ಕದಲ್ಲಿ ಕೂದಲು ಜಾಸ್ತಿ ಆಗಲ್ಲ. ಹಿಟ್ಟು ತಿಗಣೆ ಇರಬೇಕು. ಬಿಳಿ ಕೂದಲಿನ ಗಿಡದಲ್ಲಿ ಬಿಳಿ ಹುಳ, ಕಾಣಿಸೋದಾದರೂ ಹೇಗೆ? ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಕೂದಲು ಎಳೆ ಎಳೆಯಾಗಿ ನೆಟ್ಟಗೆ ಬರುತ್ತದೆ, ಇದು ಗಂಟುಗಂಟಾಗಿ ಅಂಟಿಕೊಂಡಿರುತ್ತದೆ.

ಸ್ಪ್ರೇ ಇವತ್ತೇ ನಿಲ್ಲಿಸಿ. ಕೂದಲು ನೀರು ಹಿಡಿದಿಟ್ಟುಕೊಂಡು ಮೈ ಕೊಳೆಯುತ್ತದೆ, ಬೇರಿಗೆ ಮಾತ್ರ ಏನೂ ಸಿಗಲ್ಲ. ಮಣ್ಣು ತಳದವರೆಗೆ ಒಣಗಬೇಕು. ಆಮೇಲೆ ಬುಡಕ್ಕೆ ಹಾಕಿ, ಕುಂಡದ ತೂತಿನಿಂದ ಹರಿದು ಹೋಗುವಷ್ಟು. ಚಳಿಗಾಲದಲ್ಲಿ ನಾನು ಹೆಚ್ಚುಕಮ್ಮಿ ಮರೆತೇಬಿಡುತ್ತೇನೆ. ಆ ವಿಶ್ರಾಂತಿ ಸಿಕ್ಕಿದ ವರ್ಷ ಹೂ ಚೆನ್ನಾಗಿ ಬಂದಿದೆ.

ಕಿಟಕಿತೋಟ:
ಅಯ್ಯೋ, ಕೊಕ್ಕೆ ಇದೆ, ತುದಿ ಕಂದು ಬಣ್ಣ. ಹುಳವೂ ಇದೆ! ಜೂಮ್ ಮಾಡಿದರೆ ಹಿಟ್ಟು ಮೆತ್ತಿಕೊಂಡ ಅಕ್ಕಿನುಚ್ಚಿನ ತರ, ಒಂದು ನಿಧಾನಕ್ಕೆ ಕಾಲಾಡಿಸಿತು. ನಾಲ್ಕು ತಿಂಗಳು ಇವನ್ನೇ ಸಾಕಿದ್ದೇನೆ. ಈಗೇನು ಮಾಡಲಿ?

ಒಣಮಣ್ಣು:
ಮೊದಲು ಬೇರೆ ಗಿಡಗಳಿಂದ ದೂರ ಇಡಿ. 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್‌ಬಡ್ ಅದ್ದಿ ಒಂದೊಂದು ಗಂಟಿಗೂ ಮುಟ್ಟಿಸಿ, ಬಿಳಿ ಹಿಟ್ಟು ಕರಗಿ ಹುಳ ಕಂದು ಬಣ್ಣ ಆಗುತ್ತದೆ. ಸಂಜೆ ಮಾಡಿ, ಒದ್ದೆ ಮೈಗೆ ಬಿಸಿಲು ಬೀಳಬಾರದು. ಮೊಟ್ಟೆ ಒಡೆದು ಮತ್ತೆ ಬರುತ್ತವೆ, ಹಾಗಾಗಿ ವಾರಕ್ಕೊಮ್ಮೆ ಮೂರು ನಾಲ್ಕು ಸಲ ಆದರೂ ಬೇಕು. ಕುಂಡದಿಂದ ತೆಗೆದು ಬೇರೂ ನೋಡಿ, ಅಲ್ಲೂ ಬಿಳಿ ಹಿಟ್ಟು ಕಂಡರೆ ಹಳೆ ಮಣ್ಣು ಪೂರ್ತಿ ಉದುರಿಸಿ, ತೊಳೆದು, ಕೆಲವು ದಿನ ನೆರಳಲ್ಲಿ ಒಣಗಿಸಿ ನೆಡಿ.

ಮುಳ್ಳುಕಂಟಿ:
ನೆಡುವಾಗ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡ. ಅರ್ಧದಷ್ಟು ದಪ್ಪ ಮರಳೋ ಸಣ್ಣ ಜಲ್ಲಿಯೋ ಪ್ಯೂಮಿಸ್ ಅನ್ನೋ ಹಗುರ ಜ್ವಾಲಾಮುಖಿ ಕಲ್ಲೋ ಇರಲಿ, ಮಣ್ಣಿನ ಕುಂಡ ಆದರೆ ಒಳ್ಳೆಯದು. ದೊಡ್ಡ ಕುಂಡದ ಆಸೆ ಬೇಡ, ಗಿಡಕ್ಕಿಂತ ಒಂದು ಬೆರಳಗಲ ಜಾಸ್ತಿ ಸಾಕು. ಬೆಳಕು ಚೆನ್ನಾಗಿ ಬೇಕು, ಇಲ್ಲದಿದ್ದರೆ ಗುಂಡು ಹೋಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಕೂದಲೂ ತೆಳ್ಳಗಾಗುತ್ತದೆ. ಆದರೆ ಒಳಗಿದ್ದದ್ದನ್ನು ಒಂದೇ ಸಲ ಸುಡು ಬಿಸಿಲಿಗೆ ಇಡಬೇಡಿ. ಮರಿಗಳ ಕಂಕುಳಲ್ಲೂ ಹುಳ ಅಡಗಿರುತ್ತದೆ, ಅದನ್ನು ಮರೆಯಬೇಡಿ. ಹುಳ ಪೂರ್ತಿ ಹೋದ ಮೇಲೆ ಒಂದು ಮರಿ ತಿರುಚಿ ತೆಗೆದು, ಗಾಯ ಒಣಗಲು ನಾಲ್ಕೈದು ದಿನ ಬಿಟ್ಟು, ಬೇರೆ ಕುಂಡದಲ್ಲಿ ಇಡಿ. ತಾಯಿ ಗಿಡಕ್ಕೆ ಏನಾದರೂ ಆದರೂ ಒಂದು ಉಳಿದಿರುತ್ತದೆ.

ಕಿಟಕಿತೋಟ:
ಮೊದಲ ಸುತ್ತು ಮುಗಿಯಿತು, ಹನ್ನೊಂದು ಹುಳ. ಬೇರು ಸದ್ಯ ಶುದ್ಧ. ಕೂದಲು ಒದ್ದೆಯಾಗಿ ಗಿಡ ನೆನೆದ ಬೆಕ್ಕಿನ ಮರಿ ತರ ಕಾಣುತ್ತಿದೆ, ಒಣಗಿದರೆ ಮೊದಲಿನ ಹಾಗೆ ಆಗುತ್ತಾ?

ಒಣಮಣ್ಣು:
ನಾಳೆ ಬೆಳಿಗ್ಗೆ ನೋಡಿ, ಆಗುತ್ತದೆ. ಬಾಚೋಕೆ ಮಾತ್ರ ಹೋಗಬೇಡಿ.