‘ಗಂಗಾ-ಜಮುನಿ ತಹಜೀಬ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಉರ್ದು ಫಲಕದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ಪದ ಸಿಗದೆ ನಿಂತಿದ್ದೇನೆ. ಬಲ್ಲವರು ನೆರವಾಗಬೇಕು.

ಮೊದಲು ಸಂದರ್ಭ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಪಾತೂರು ಅಂತ ಒಂದು ಊರು. ಅಲ್ಲಿನ ಪುರಸಭೆಯ ಫಲಕದಲ್ಲಿ ಮೇಲೆ ಮರಾಠಿ, ಕೆಳಗೆ ಉರ್ದು. ಉರ್ದು ಬೇಡ, ಮರಾಠಿ ಒಂದೇ ಸಾಕು ಎಂದು ಮಾಜಿ ಸದಸ್ಯರೊಬ್ಬರು ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ಸುಧಾಂಶು ಧುಲಿಯಾ ಮತ್ತು ಕೆ. ವಿನೋದ್ ಚಂದ್ರನ್ ಅವರ ಪೀಠ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ಭಾಷೆ ಧರ್ಮವಲ್ಲ, ಅದು ಒಂದು ಸೀಮೆಯ, ಅಲ್ಲಿನ ಜನರ ಸೊತ್ತು ಎಂದಿತು. ಅಲ್ಲೇ ಉರ್ದುವನ್ನು ‘ಗಂಗಾ-ಜಮುನಿ ತಹಜೀಬ್’ನ ಅತಿ ಒಳ್ಳೆಯ ಮಾದರಿ ಎಂದು ಕರೆಯಿತು. ಗಂಗೆ-ಯಮುನೆ ಕೂಡಿದಂತೆ ಹಿಂದೂ-ಮುಸ್ಲಿಂ ಬಾಳು ಬೆರೆತ ರೀತಿಗೆ ಉತ್ತರದಲ್ಲಿ ಹೀಗನ್ನುತ್ತಾರೆ. ನನ್ನ ಪ್ರಶ್ನೆ ಈ ಮಾತಿನದು.

ಕೈಗೆ ಥಟ್ಟನೆ ಸಿಗುವುದು ‘ಜಾತ್ಯತೀತ ಸಂಸ್ಕೃತಿ’. ನನಗೆ ಒಪ್ಪಿಗೆಯಿಲ್ಲ. ಅತೀತ ಅಂದರೆ ದಾಟಿ ಆಚೆ ನಿಂತಂತೆ. ಉರ್ದುವಿನಲ್ಲಿ ಧರ್ಮಗಳು ಆಚೆ ನಿಂತಿಲ್ಲ, ಒಳಗೇ ಬಂದು ಕೂತಿವೆ. ಲಖನೌದಲ್ಲಿ ಮುನ್ಶಿ ನವಲ್ ಕಿಶೋರ್ 1858ರಲ್ಲಿ ಶುರುಮಾಡಿದ ಮುದ್ರಣಾಲಯವನ್ನು ನೋಡಿ. ಅಲ್ಲಿ ಕುರಾನೂ ಅಚ್ಚಾಯಿತು, ಉರ್ದು ರಾಮಾಯಣವೂ ಅಚ್ಚಾಯಿತು. ಅದೇ ಊರಲ್ಲಿ ಬಾಳಿದ ಕಾಶ್ಮೀರಿ ಪಂಡಿತ ಕವಿ ಬ್ರಿಜ್ ನಾರಾಯಣ್ ಚಕಬಸ್ತ್, ರಾಮ ಕಾಡಿಗೆ ಹೊರಡುವ ಮುಂಚೆ ತಾಯಿಯ ಅಪ್ಪಣೆ ಕೇಳುವ ಸನ್ನಿವೇಶವನ್ನು ಉರ್ದುವಿನಲ್ಲಿ ಬರೆದರು. ಅದಕ್ಕೆ ಅವರು ಆರಿಸಿಕೊಂಡದ್ದು ಮುಸದ್ದಸ್ ಎಂಬ ಆರು ಸಾಲಿನ ಪದ್ಯಬಂಧ. ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಶೋಕಗೀತೆಗಳಾದ ಮರ್ಸಿಯಾಗಳು ಮೈತುಂಬಿಕೊಂಡದ್ದು ಅದೇ ಬಂಧದಲ್ಲಿ. ಅಂದರೆ ಮೊಹರಂನಲ್ಲಿ ಹುಸೇನರಿಗಾಗಿ ಅತ್ತ ಧಾಟಿಯಲ್ಲೇ ಕೌಸಲ್ಯೆಯೂ ಅಳುತ್ತಾಳೆ. ಕೇಳುವವರಿಗೆ ಎರಡು ಸಂಕಟವೂ ಒಟ್ಟಿಗೆ ತಟ್ಟುತ್ತವೆ. ಇದನ್ನು ‘ಅತೀತ’ ಅಂತ ಹೇಗೆ ಕರೆಯುವುದು? ಸಂವಿಧಾನದ ಪೀಠಿಕೆಯಲ್ಲಿ ನಾವು ಓದುವ ‘ಸರ್ವಧರ್ಮ ಸಮಭಾವ’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದು ಸರ್ಕಾರ ಹೇಗಿರಬೇಕು ಅನ್ನುವ ಮಾತು, ಜನ ಬದುಕಿದ ರೀತಿಯದಲ್ಲ.

‘ಸಹಬಾಳ್ವೆ’ಯೂ ಸಾಲದು. ಅಕ್ಕಪಕ್ಕದಲ್ಲಿ ಜಗಳವಿಲ್ಲದೆ ಇರುವುದು ಸಹಬಾಳ್ವೆ. ಅದೂ ದೊಡ್ಡದೇ. ಆದರೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ತನ್ನ ದಖನಿ (ದಖ್ಖನ್ ಸೀಮೆಯ ಉರ್ದು) ಹಾಡುಗಳಲ್ಲಿ ಸರಸ್ವತಿಯನ್ನು ನೆನೆದದ್ದು ಪಕ್ಕದ ಮನೆಯ ದೇವರಿಗೆ ಕೈಮುಗಿದಂತೆ ಅಲ್ಲವೇ ಅಲ್ಲ. ಸಂಗೀತಕ್ಕೆ ಕೂರುವವನಿಗೆ ಆಕೆ ಸ್ವಂತದವಳು. ಜನ ಅವನನ್ನು ಜಗದ್ಗುರು ಎಂದೂ ಕರೆದರು.

ಇನ್ನು ‘ತಹಜೀಬ್’. ಅರಬ್ಬಿ ಮೂಲದಲ್ಲಿ ತಿದ್ದುವುದು, ಒಪ್ಪ ಮಾಡುವುದು ಎಂಬ ಅರ್ಥ. ಉರ್ದುವಿನಲ್ಲಿ ಅದು ಮಾತಾಡುವ ರೀತಿ, ಮನೆಗೆ ಬಂದವರನ್ನು ಕೂರಿಸುವ ರೀತಿ, ಎಲ್ಲವೂ ಸೇರಿದ್ದು. ಇದಕ್ಕೆ ‘ಸಂಸ್ಕೃತಿ’ಗಿಂತ ‘ನಡೆನುಡಿ’ ಜಾಸ್ತಿ ಒಗ್ಗುತ್ತದೆ ಅಂತ ನನಗನಿಸುತ್ತದೆ.

‘ಗಂಗಾ-ಜಮುನಿ’ಯನ್ನು ಹಾಗೇ ಉಳಿಸಿಕೊಳ್ಳಬಹುದಾ? ಉತ್ತರದಲ್ಲಿ ಚಿನ್ನ-ಬೆಳ್ಳಿ ಎರಡೂ ಸೇರಿದ ಕುಸುರಿಗೆ, ತಾಮ್ರ-ಹಿತ್ತಾಳೆ ಸೇರಿಸಿದ ಪಾತ್ರೆಗೆ ಇದೇ ಹೆಸರು. ನಮ್ಮ ಸೀರೆ ಅಂಗಡಿಗಳಲ್ಲೂ ‘ಗಂಗಾ-ಜಮುನಾ ಅಂಚು’ ಅಂತಾರೆ, ಅಲ್ವಾ? ಒಂದು ಕಡೆ ಕೆಂಪು ಅಂಚು, ಇನ್ನೊಂದು ಕಡೆ ಹಸಿರು, ಒಡಲು ಒಂದೇ. ಕನ್ನಡದ ಕಿವಿಗೆ ಇದು ಹೊಸದೇನಲ್ಲ. ಹಾಗಾಗಿ ಸದ್ಯ ನನ್ನ ಕರಡಿನಲ್ಲಿ ‘ಗಂಗಾ-ಜಮುನಾ ನಡೆನುಡಿ’ ಎಂದು ಹಾಕಿದ್ದೇನೆ. ಆದರೆ ಒಂದು ಅನುಮಾನ ಉಳಿದಿದೆ. ಸೀರೆಯ ಎರಡು ಅಂಚು ಕೊನೆವರೆಗೂ ಬೇರೆಬೇರೆಯೇ. ನದಿಗಳು ಹಾಗಲ್ಲ, ಪ್ರಯಾಗದ ಆಚೆ ಒಂದೇ ನೀರು. ಓದುಗರಿಗೆ ಸೀರೆ ನೆನಪಾದರೆ ಅರ್ಥ ಕುಗ್ಗುತ್ತದೆಯೇ?

ಕಲಬುರಗಿ, ಬೀದರ್, ವಿಜಯಪುರದ ಕಡೆಯವರು, ಅದರಲ್ಲೂ ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುವವರು ದಯವಿಟ್ಟು ಬರೆಯಿರಿ. ಈ ಬೆರೆತ ಬಾಳಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ಏನನ್ನುತ್ತಾರೆ? ಪದವೇ ಬೇಕೆಂದಿಲ್ಲ, ಒಂದು ನುಡಿಗಟ್ಟು ಸಿಕ್ಕರೂ ಸರಿ.